ಅರ್ಧಕ್ಕೆ ನಿಂತ ನಕಲು: ಇಳಕಲ್ ಸೀಮೆಯ ನೇಕಾರ ಮಹಿಳೆಯೊಬ್ಬರ ಪ್ರಕರಣ

ರೋಗಿಯು 46 ವರ್ಷದ ಮಹಿಳೆ, ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀಮೆಯವರು, ಮದುವೆಯಾಗಿ ಬಂದಾಗಿನಿಂದ ಕುಣಿಮಗ್ಗದಲ್ಲಿ ಸೀರೆ ನೇಯುತ್ತ ಬಂದವರು. ಗುರುತು ಸಿಗಬಾರದೆಂಬ ಕಾರಣಕ್ಕೆ ಅವರ ಮತ್ತು ಅವರ ಕುಟುಂಬದ ಕೆಲವು ವಿವರಗಳನ್ನು ಇಲ್ಲಿ ಬದಲಿಸಲಾಗಿದೆ. ಅವರು ಆಸ್ಪತ್ರೆಗೆ ಬಂದದ್ದು ರಕ್ತ ಕಡಿಮೆಯಾಗಿದೆ ಎಂಬ ದೂರಿನಿಂದಲ್ಲ. ಕುಣಿಮಗ್ಗದಲ್ಲಿ ನೇಯುವವರು ನೆಲಮಟ್ಟದಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾರೆ. ಕಣ್ಣು ಲಾಳಿಯ ಮೇಲೆ ಇರುವುದರಿಂದ ಯಾವ ಕಾಲು ಎಷ್ಟು ಒತ್ತಿದೆ ಎಂಬುದನ್ನು ಕಾಲೇ ತಿಳಿಯಬೇಕು. ಈ ಮಹಿಳೆಗೆ ಆ ತಿಳಿವು ಹೋಗಿತ್ತು. "ಹಲಗಿ ತುಳದದ್ದ ಗೊತ್ತಾಗಂಗಿಲ್ರಿ, ಬಗ್ಗಿ ನೋಡಬೇಕಾಗ್ತದ" ಎಂದು ಅವರು ಹೇಳಿದರು. ಕೊಂಡಿ ಹಾಕಿ ಸೆರಗಿನ ಎಳೆಗಳನ್ನು ಜೋಡಿಸುವ ಸೂಕ್ಷ್ಮ ಕೆಲಸ ಕೈಗಳಿಗೆ ಇನ್ನೂ ಸಲೀಸಾಗಿತ್ತು, ತೊಂದರೆ ಇದ್ದದ್ದು ಕಾಲಿನಲ್ಲಿ ಮಾತ್ರ. ಅಂಗಾಲಿನಲ್ಲಿ ಜುಮುಜುಮು, ಕತ್ತಲಲ್ಲಿ ನಡೆಯುವಾಗ ತೂರಾಡುವುದು, ಮುಖ ತೊಳೆಯಲು ಕಣ್ಣು ಮುಚ್ಚಿದರೆ ಬೀಳುವಂತಾಗುವುದು ಕಳೆದ ಕೆಲವು ತಿಂಗಳಿಂದ ಹೆಚ್ಚುತ್ತ ಬಂದಿದ್ದವು.

ಹಿಂದಿನ ವರ್ಷದ ಕತೆ ಈ ಪ್ರಕರಣದ ತಿರುಳು. ಆಗ ಅವರಿಗೆ ವಿಪರೀತ ಸುಸ್ತು ಮತ್ತು ಏದುಸಿರು ಇದ್ದವು. ಒಂದು ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 6.8 ಗ್ರಾಂ ಇತ್ತು. ಕಬ್ಬಿಣದ ಮಾತ್ರೆಯೊಂದಿಗೆ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲವನ್ನು ಮೂರು ತಿಂಗಳು ಕೊಡಲಾಯಿತು. ಹಿಮೋಗ್ಲೋಬಿನ್ 9.4ಕ್ಕೆ ಏರಿತು, ಸುಸ್ತು ಇಳಿಯಿತು, ಎಲ್ಲರಿಗೂ ಸಮಾಧಾನವಾಗಿ ಮಾತ್ರೆಗಳು ನಿಂತವು. ಆದರೆ ಕಾಲಿನ ಜುಮುಜುಮು ಶುರುವಾದದ್ದು ರಕ್ತ ಏರುತ್ತಿದ್ದ ಆ ಮೂರು ತಿಂಗಳಲ್ಲಿಯೇ ಎಂಬುದನ್ನು ರೋಗಿಯು ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದರು. ರಕ್ತ ಸುಧಾರಿಸಿತು, ನರ ಕೆಟ್ಟಿತು. ಇವೆರಡೂ ಒಂದೇ ಕಾಲದಲ್ಲಿ, ಒಂದೇ ದೇಹದಲ್ಲಿ ನಡೆದವು. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರವು ಜೀವಕೋಶವೊಂದು ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಹೇಗೆ ನಕಲು ಮಾಡಿಕೊಳ್ಳುತ್ತದೆ ಎಂಬಲ್ಲಿಯೇ ಇದೆ. ಆದ್ದರಿಂದಲೇ ಈ ಪ್ರಕರಣವನ್ನು ವಿವರವಾಗಿ ಬರೆಯುವುದು ಅಗತ್ಯವೆಂದು ನನಗೆ ಅನಿಸಿದೆ.

ಊಟದ ವಿಚಾರ ಕೇಳಿದಾಗ ಸಿಕ್ಕ ಉತ್ತರ ಈ ಸೀಮೆಯ ಬಹುಪಾಲು ಸಸ್ಯಾಹಾರಿ ಮನೆಗಳ ಊಟವೇ ಆಗಿತ್ತು. ಎರಡು ಹೊತ್ತು ಜೋಳದ ರೊಟ್ಟಿ, ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ರೊಟ್ಟಿಯ ಜೊತೆ ಹಸಿಯಾಗಿಯೇ ಕಡಿದು ತಿನ್ನುವ ಮೆಂತ್ಯದ ತಪ್ಪಲು ಮತ್ತು ಉಳ್ಳಾಗಡ್ಡಿ. ಮೊಟ್ಟೆ ಮಾಂಸ ಮುಟ್ಟುವವರಲ್ಲ. ಹಾಲು ಚಹಾಕ್ಕೆ ಮಾತ್ರ. ಮೊಸರು ಗಂಡಸರಿಗೆ ಮತ್ತು ಮಕ್ಕಳಿಗೆ ಬಡಿಸಿದ ಮೇಲೆ ಉಳಿದರೆ ಉಂಟು, ಇಲ್ಲದಿದ್ದರೆ ನೀರು ಬೆರೆಸಿದ ಮಜ್ಜಿಗೆ. ಈ ಊಟದಲ್ಲಿ ಫೋಲೇಟ್‌ಗೆ, ಅಂದರೆ ಆಹಾರದಲ್ಲಿ ಸಿಗುವ ಫೋಲಿಕ್ ಆಮ್ಲದ ರೂಪಕ್ಕೆ, ಕೊರತೆಯಿಲ್ಲ, ಏಕೆಂದರೆ ಕಾಳು ಮತ್ತು ತಪ್ಪಲು ಎರಡರಲ್ಲೂ ಅದು ಧಾರಾಳವಾಗಿದೆ, ಹಸಿಯಾಗಿ ತಿಂದಾಗ ಬೇಯಿಸುವ ಶಾಖಕ್ಕೆ ಅದು ಹಾಳಾಗುವುದೂ ಇಲ್ಲ. ಬಿ12 ಜೀವಸತ್ವದ ಮಾತು ಬೇರೆ. ಅದನ್ನು ತಯಾರಿಸಬಲ್ಲವು ಬ್ಯಾಕ್ಟೀರಿಯ ಮತ್ತು ಅವುಗಳ ಸಂಬಂಧಿಗಳಾದ ಕೆಲವು ಸೂಕ್ಷ್ಮಜೀವಿಗಳು ಮಾತ್ರ. ಗಿಡಗಳಿಗೆ ಅದು ಬೇಕಾಗಿಯೇ ಇಲ್ಲ, ಹಾಗಾಗಿ ಸೊಪ್ಪು, ಕಾಳು, ಧಾನ್ಯಗಳಿಂದ ಅದು ಸಿಗುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು 2ರಿಂದ 2.5 ಮೈಕ್ರೊಗ್ರಾಂ ಅಷ್ಟೆ, ಯಕೃತ್ತಿನಲ್ಲಿ ಕೆಲವು ಮಿಲಿಗ್ರಾಂ ಸಂಗ್ರಹವೂ ಇರುತ್ತದೆ. ಆದ್ದರಿಂದ ಕೊರತೆಯು ವರ್ಷಗಟ್ಟಲೆ ಬಯಲಾಗದೆ ಇದ್ದುಬಿಡಬಲ್ಲದು. ಫೋಲೇಟ್ ಸಂಗ್ರಹವಾದರೋ ಮೂರು ನಾಲ್ಕು ತಿಂಗಳಿಗೆ ಬರಿದಾಗುತ್ತದೆ.

ಪರೀಕ್ಷೆಯಲ್ಲಿ ಕಂಡದ್ದು

ಮೈಬಣ್ಣ ಬಿಳಿಚಿಕೊಂಡಿತ್ತು, ಅದರೊಳಗೆ ತೆಳು ಹಳದಿ ಛಾಯೆಯೂ ಇತ್ತು. ನಾಲಿಗೆಯ ಮೇಲಿನ ಸಣ್ಣ ಗುಳ್ಳೆಗಳು ಸವೆದು ಅದು ನುಣುಪಾಗಿ ಕೆಂಪಾಗಿತ್ತು. ಬೆರಳ ಗೆಣ್ಣುಗಳು ಕಪ್ಪಾಗಿದ್ದವು. ಬಿ12 ಕೊರತೆಯಲ್ಲಿ, ಅದರಲ್ಲೂ ನಮ್ಮ ಮೈಬಣ್ಣದವರಲ್ಲಿ, ಈ ಗುರುತು ಆಗಾಗ ಕಾಣಿಸುತ್ತದೆ, ಆದರೆ ಕೈ ತಿರುಗಿಸಿ ನೋಡುವ ಅಭ್ಯಾಸವಿದ್ದವರಿಗೆ ಮಾತ್ರ ಅದು ಸಿಗುತ್ತದೆ. ಸೆಕೆಂಡಿಗೆ 128 ಸಲ ಕಂಪಿಸುವ ಶ್ರುತಿಕವಲನ್ನು ಕಾಲ್ಬೆರಳಿಗೆ ಇಟ್ಟರೆ ಅವರಿಗೆ ಏನೂ ತಿಳಿಯಲಿಲ್ಲ. ಹಿಮ್ಮಡಿಯ ಗೆಣ್ಣಿಗೆ ಇಟ್ಟಾಗಲೂ ತಿಳಿಯಲಿಲ್ಲ. ಮೊಣಕಾಲಿನ ಕೆಳಗೆ ಇಟ್ಟಾಗ ಮಸುಕಾಗಿ ತಿಳಿಯಿತು. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿದರೆ ಯಾವ ದಿಕ್ಕಿಗೆ ಹೋಯಿತೆಂದು ಹೇಳಲಾಗಲಿಲ್ಲ. ಬೆನ್ನುಹುರಿಯ ಹಿಂಭಾಗದ ಮತ್ತು ಪಕ್ಕದ ನರಮಾರ್ಗಗಳು ಎರಡೂ ಕೆಟ್ಟಿರುವ ಲಕ್ಷಣಗಳು ಇದ್ದವು.

ರಕ್ತದಲ್ಲಿ ಹಿಮೋಗ್ಲೋಬಿನ್ 5.9 ಗ್ರಾಂ, ಕೆಂಪು ಕಣಗಳು ಘನ ಮಿಲಿಮೀಟರಿಗೆ 15 ಲಕ್ಷ, ಒಂದೊಂದು ಕಣದ ಸರಾಸರಿ ಗಾತ್ರ 120 ಫೆಮ್ಟೊಲೀಟರ್. ಸಾಮಾನ್ಯ ಗಾತ್ರ 80ರಿಂದ 100. ಕಬ್ಬಿಣದ ಕೊರತೆಯಿದ್ದರೆ ಕಣಗಳು ಚಿಕ್ಕದಾಗುತ್ತವೆ, ಇಲ್ಲಿ ಅವು ದೊಡ್ಡದಾಗಿದ್ದವು. ಬಿಳಿಕಣಗಳು 3,100, ಕಿರುತಟ್ಟೆಗಳು (ಪ್ಲೇಟ್‌ಲೆಟ್) 88,000; ಮೂರು ಬಗೆಯ ಕಣಗಳೂ ಒಟ್ಟಿಗೆ ಕಡಿಮೆಯಾಗಿದ್ದವು. ಹೊಸದಾಗಿ ಹೊರಬಂದ ಎಳೆಯ ಕೆಂಪು ಕಣಗಳಾದ ರೆಟಿಕ್ಯುಲೋಸೈಟ್‌ಗಳು ಶೇ. 0.8 ಮಾತ್ರ. ಸತ್ತ ಜೀವಕೋಶಗಳಿಂದ ರಕ್ತಕ್ಕೆ ಸೋರುವ ಎಲ್‌ಡಿಎಚ್ ಕಿಣ್ವ ಸಾಮಾನ್ಯ ಮಟ್ಟದ ಹಲವು ಪಟ್ಟು ಏರಿತ್ತು. ಬಿ12 ಮಟ್ಟ 92 ಪಿಕೊಗ್ರಾಂ. 200ಕ್ಕಿಂತ ಕೆಳಗಿದ್ದರೆ ಅದನ್ನು ಕೊರತೆ ಎನ್ನುತ್ತಾರೆ. ಫೋಲೇಟ್ ಸರಿಯಾಗಿತ್ತು. ಹೋಮೋಸಿಸ್ಟೀನ್ ಎಂಬ ಅಮೈನೊ ಆಮ್ಲ 58 ಇತ್ತು, ಇರಬೇಕಾದದ್ದು 15ಕ್ಕಿಂತ ಕಡಿಮೆ. ಹೊಟ್ಟೆಯಲ್ಲಿ ಬಿ12 ಹೀರಿಕೆಗೆ ಬೇಕಾದ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಇರಲಿಲ್ಲ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನಾಗಲಿ ಆಮ್ಲ ತಗ್ಗಿಸುವ ಮಾತ್ರೆಗಳನ್ನಾಗಲಿ ಅವರು ದೀರ್ಘಕಾಲ ತೆಗೆದುಕೊಂಡಿರಲಿಲ್ಲ. ಕಾರಣ ಊಟವೇ ಎಂದು ತೀರ್ಮಾನಿಸಲಾಯಿತು.

ರಕ್ತಲೇಪದ ಗಾಜಿನಲ್ಲಿ ದೊಡ್ಡ ಮೊಟ್ಟೆಯಾಕಾರದ ಕೆಂಪು ಕಣಗಳು ಕಂಡವು, ಜೊತೆಗೆ ಐದು, ಆರು, ಕೆಲವೊಮ್ಮೆ ಏಳು ಹಾಲೆಗಳಾಗಿ ಒಡೆದ ಕೋಶಕೇಂದ್ರವುಳ್ಳ, ಬಿಳಿಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು. ಮೂರೂ ಬಗೆಯ ಕಣಗಳು ಕುಸಿದಿದ್ದರಿಂದ ರಕ್ತದ ಕ್ಯಾನ್ಸರ್ ಇರಬಹುದೇ ಎಂಬ ಅನುಮಾನವನ್ನು ಕಳೆದುಕೊಳ್ಳಲು ಸೊಂಟದ ಎಲುಬಿನಿಂದ ಅಸ್ಥಿಮಜ್ಜೆಯನ್ನು ತೆಗೆದು ನೋಡಲಾಯಿತು. ಬಿ12 ವರದಿ ಕೈಯಲ್ಲಿರುವಾಗ ಮಜ್ಜೆಯ ಪರೀಕ್ಷೆ ಬಹುತೇಕ ರೋಗಿಗಳಿಗೆ ಬೇಕಾಗುವುದಿಲ್ಲ. ಇಲ್ಲಿ ಆ ವರದಿ ಬರುವ ಮೊದಲೇ ಅದನ್ನು ಮಾಡಲಾಗಿತ್ತು.

ಮಜ್ಜೆಯ ಗಾಜು

ರಕ್ತದಲ್ಲಿ ಕಣಗಳಿಗೆ ಬರವಿದ್ದರೂ ಮಜ್ಜೆಯಲ್ಲಿ ಅವು ಕಿಕ್ಕಿರಿದಿದ್ದವು. ಇದನ್ನು ಮೊದಲ ಸಲ ನೋಡುವ ವಿದ್ಯಾರ್ಥಿಗಳು ಗಾಜು ಅದಲುಬದಲಾಗಿದೆಯೇ ಎಂದು ಕೇಳುವುದುಂಟು. ಆರೋಗ್ಯವಂತರ ಮಜ್ಜೆಯಲ್ಲಿ ಕೆಂಪು ಕಣದ ತಾಯಿಕೋಶವು ನಾಲ್ಕೈದು ಸಲ ವಿಭಜನೆಯಾಗುತ್ತದೆ. ಪ್ರತಿ ವಿಭಜನೆಗೂ ಅದರ ಗಾತ್ರ ಕಿರಿದಾಗುತ್ತ, ಕೋಶಕೇಂದ್ರ ಗಟ್ಟಿಯಾಗಿ ಮುದುಡುತ್ತ, ಕೋಶದ್ರವ್ಯವು ಗಾಜಿಗೆ ಹಾಕುವ ಲೀಶ್ಮನ್ ಬಣ್ಣದಲ್ಲಿ ನೀಲಿಯಿಂದ ಗುಲಾಬಿಗೆ ತಿರುಗುತ್ತ ಹೋಗುತ್ತದೆ. ನೀಲಿ ಎಂದರೆ ಆರ್‌ಎನ್‌ಎ, ಗುಲಾಬಿ ಎಂದರೆ ತುಂಬಿಕೊಂಡ ಹಿಮೋಗ್ಲೋಬಿನ್. ಕೊನೆಗೆ ಕೋಶಕೇಂದ್ರವನ್ನು ಹೊರಹಾಕಿ ಕಣವು ರಕ್ತಕ್ಕೆ ಇಳಿಯುತ್ತದೆ.

ಈ ಮಹಿಳೆಯ ಮಜ್ಜೆಯಲ್ಲಿ ಕೋಶದ್ರವ್ಯ ಗುಲಾಬಿಯಾಗಿತ್ತು, ಅಂದರೆ ಹಿಮೋಗ್ಲೋಬಿನ್ ತಯಾರಿಕೆ ತನ್ನ ವೇಳೆಗೆ ಸರಿಯಾಗಿ ನಡೆದಿತ್ತು. ಆದರೆ ಅದೇ ಕೋಶದ ಕೇಂದ್ರವು ಇನ್ನೂ ಎಳೆಯದು: ದೊಡ್ಡದು, ಸಡಿಲವಾದದ್ದು, ಅದರೊಳಗಿನ ಡಿಎನ್‌ಎ ಹೊತ್ತ ದ್ರವ್ಯ (ಕ್ರೊಮಾಟಿನ್) ಸಣ್ಣ ಸಣ್ಣ ತೂತುಗಳಿರುವಂತೆ ಹರಡಿಕೊಂಡದ್ದು. ಕೋಶದ ಒಂದು ಭಾಗ ಮುಂದೆ ಹೋಗಿದೆ, ಇನ್ನೊಂದು ಹಿಂದೆ ಉಳಿದಿದೆ. 1880ರಲ್ಲಿ ಪೌಲ್ ಎರ್ಲಿಖ್ ಗುರುತಿಸಿದ ಮೆಗಲೋಬ್ಲಾಸ್ಟ್ ಎಂಬ ಕೋಶ ಇದೇ. ಇಂಥ ಕೋಶಗಳಲ್ಲಿ ಡಿಎನ್‌ಎ ಪ್ರಮಾಣವನ್ನು ಅಳೆದು ನೋಡಿದವರಿಗೆ ಹಲವು ಕೋಶಗಳಲ್ಲಿ ಅದು ಒಂದು ಪ್ರತಿಗಿಂತ ಹೆಚ್ಚು, ಎರಡು ಪ್ರತಿಗಿಂತ ಕಡಿಮೆ ಎಂದು ಕಂಡುಬಂದಿದೆ. ನಕಲು ಶುರುವಾಗಿದೆ, ಮುಗಿದಿಲ್ಲ.

ನಕಲು ನಡೆಯುವ ಬಗೆ, ಅದು ನಿಲ್ಲುವ ಬಗೆ

ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 640 ಕೋಟಿ ಅಕ್ಷರಜೋಡಿಗಳ ಡಿಎನ್‌ಎ ಇದೆ. ಬಿಚ್ಚಿ ಚಾಚಿದರೆ ಎರಡು ಮೀಟರ್ ಉದ್ದ. ಈ ನಾಲ್ಕು ಅಕ್ಷರಗಳಲ್ಲಿ ಅಡೆನಿನ್ ಎದುರು ಥೈಮಿನ್, ಗ್ವಾನಿನ್ ಎದುರು ಸೈಟೋಸಿನ್ ಎಂಬ ಜೋಡಿಯ ನಿಯಮವನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತಿಳಿಸಿದರು. ಹಳೆಯ ಎರಡು ಎಳೆಗಳು ಬೇರ್ಪಟ್ಟು ಒಂದೊಂದರ ಮೇಲೂ ಹೊಸ ಎಳೆ ಕಟ್ಟಿಕೊಳ್ಳುತ್ತದೆ ಎಂಬುದನ್ನು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಭಾರವಾದ ನೈಟ್ರೋಜನ್ ಬಳಸಿ ತೋರಿಸಿದರು. ಈ ಕೆಲಸ ನಡೆಯುವ ಅವಧಿಯನ್ನು ಎಸ್ ಹಂತ ಎನ್ನುತ್ತಾರೆ, ಅದು ನಮ್ಮ ಕೋಶಗಳಲ್ಲಿ ಸುಮಾರು 8 ಗಂಟೆ ಹಿಡಿಯುತ್ತದೆ.

ಎಳೆಗಳು ಬೇರ್ಪಡುವ ಜಾಗವನ್ನು ಕವಲು ಎಂದು ಕರೆಯೋಣ. ಕವಲು ನಿಮಿಷಕ್ಕೆ ಸುಮಾರು 2,000 ಅಕ್ಷರಜೋಡಿಗಳಷ್ಟು ಮುಂದೆ ಸಾಗುತ್ತದೆ. ಒಂದೇ ಕವಲಿನಿಂದ ಇಡೀ ನಕಲು ಮುಗಿಯಬೇಕಾದರೆ ಆರು ವರ್ಷ ಬೇಕು. ಆದ್ದರಿಂದ ಕೋಶವು ಹತ್ತಾರು ಸಾವಿರ ಕಡೆಗಳಲ್ಲಿ ನಕಲನ್ನು ಆರಂಭಿಸುತ್ತದೆ, ಪ್ರತಿ ಆರಂಭಸ್ಥಳದಿಂದ ಎರಡು ಕವಲುಗಳು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಈ ಆರಂಭಸ್ಥಳಗಳ ಮೇಲೆ ಎಸ್ ಹಂತಕ್ಕೆ ಮೊದಲೇ ಎಂಸಿಎಂ ಎಂಬ ಪ್ರೋಟೀನಿನ ಉಂಗುರಗಳನ್ನು ಏರಿಸಿ ಇಡಲಾಗಿರುತ್ತದೆ. ಎಸ್ ಹಂತ ಶುರುವಾದ ಮೇಲೆ ಹೊಸದಾಗಿ ಏರಿಸಲು ಅವಕಾಶವಿಲ್ಲ. ಒಂದು ವಿಭಜನೆಗೆ ಡಿಎನ್‌ಎಯ ಯಾವ ಭಾಗವೂ ಎರಡು ಸಲ ನಕಲಾಗದಂತೆ ಕಾಯುವ ಈ ಏರ್ಪಾಡು ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಜಾಣ್ಮೆಯದು. ಏರಿಸಿಟ್ಟ ಉಂಗುರಗಳಲ್ಲಿ ಬಹುಪಾಲು ಸುಮ್ಮನೆ ಕೂತಿರುತ್ತವೆ. ಅಕ್ಕಪಕ್ಕದ ಕವಲು ಸಿಕ್ಕಿಹಾಕಿಕೊಂಡರೆ ಅವು ಎಚ್ಚೆತ್ತು ಕೆಲಸಕ್ಕೆ ಇಳಿಯುತ್ತವೆ.

ಕವಲಿನ ತುದಿಯಲ್ಲಿ ಹೆಲಿಕೇಸ್ ಎಂಬ ಕಿಣ್ವ ಎಳೆಗಳನ್ನು ಬಿಡಿಸುತ್ತ ಹೋಗುತ್ತದೆ, ಹಿಂದೆಯೇ ಪಾಲಿಮರೇಸ್ ಕಿಣ್ವಗಳು ಹೊಸ ಎಳೆ ಕಟ್ಟುತ್ತವೆ. ಪಾಲಿಮರೇಸ್ ಒಂದೇ ದಿಕ್ಕಿನಲ್ಲಿ ಕಟ್ಟಬಲ್ಲದು, ಅದೂ ಈಗಾಗಲೇ ಇರುವ ಒಂದು ಚಿಕ್ಕ ತುಣುಕಿನ ತುದಿಗೆ ಮಾತ್ರ ಸೇರಿಸಬಲ್ಲದು. ಹಾಗಾಗಿ ಒಂದು ಎಳೆ ಅಖಂಡವಾಗಿ ಬೆಳೆಯುತ್ತದೆ, ಇನ್ನೊಂದು ಎಳೆ ಹಿಮ್ಮುಖವಾಗಿ, 100ರಿಂದ 200 ಅಕ್ಷರಗಳ ತುಣುಕುಗಳಾಗಿ ಬೆಳೆಯುತ್ತದೆ. ಜಪಾನಿನ ನಗೋಯಾದಲ್ಲಿ 1960ರ ದಶಕದಲ್ಲಿ ರೇಜಿ ಮತ್ತು ತ್ಸುನೆಕೊ ಒಕಜಾಕಿ ದಂಪತಿ ಕಂಡುಹಿಡಿದ ಈ ತುಣುಕುಗಳ ಸಂಖ್ಯೆ ಒಂದೇ ಒಂದು ಮಾನವ ಕೋಶದ ಒಂದು ನಕಲಿಗೆ ಮೂರರಿಂದ ಐದು ಕೋಟಿ. ಪ್ರತಿಯೊಂದನ್ನೂ ಪಕ್ಕದ್ದಕ್ಕೆ ಲೈಗೇಸ್ ಎಂಬ ಕಿಣ್ವ ಬೆಸೆಯಬೇಕು. ಪಾಲಿಮರೇಸ್ ತಪ್ಪು ಅಕ್ಷರ ಹಾಕಿದರೆ ತಾನೇ ಹಿಂದೆ ಸರಿದು ಕಿತ್ತು ಸರಿಪಡಿಸುತ್ತದೆ. ಅದರಿಂದಲೂ ತಪ್ಪಿಸಿಕೊಂಡವನ್ನು ಇನ್ನೊಂದು ದುರಸ್ತಿ ವ್ಯವಸ್ಥೆ ಹಿಡಿಯುತ್ತದೆ. ಕೊನೆಗೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಗಳಿಗೆ ಒಂದರ ಆಸುಪಾಸು.

ಇಷ್ಟೆಲ್ಲ ಯಂತ್ರಾಂಗ ಈ ಮಹಿಳೆಯ ಮಜ್ಜೆಯಲ್ಲಿ ಸುಸ್ಥಿತಿಯಲ್ಲಿಯೇ ಇತ್ತು. ಕೊರತೆಯಿದ್ದದ್ದು ನಾಲ್ಕು ಅಕ್ಷರಗಳಲ್ಲಿ ಒಂದಕ್ಕೆ. 640 ಕೋಟಿ ಜೋಡಿಗಳನ್ನು ನಕಲು ಮಾಡಲು 1,280 ಕೋಟಿ ಹೊಸ ಅಕ್ಷರಗಳು ಬೇಕು, ಅವುಗಳಲ್ಲಿ ಸುಮಾರು 380 ಕೋಟಿ ಥೈಮಿನ್. ಕೋಶವು ಈ ಅಕ್ಷರಗಳನ್ನು ಮೊದಲೇ ಕೂಡಿಟ್ಟುಕೊಳ್ಳುವುದಿಲ್ಲ; ಕೈಯಲ್ಲಿರುವ ದಾಸ್ತಾನು ಕೆಲವೇ ನಿಮಿಷಗಳ ನಕಲಿಗೆ ಸಾಕಾಗುವಷ್ಟು. ಎಂಟು ಗಂಟೆಯೂ ತಯಾರಿಕೆ ಎಡೆಬಿಡದೆ ನಡೆಯುತ್ತಿರಬೇಕು. ಮಜ್ಜೆಯಿಂದ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹೊರಬರುತ್ತವೆ ಎಂಬುದನ್ನು ನೆನೆದರೆ, ಈ ಕೊರತೆ ಮೊದಲು ಮಜ್ಜೆಗೇ, ನಾಲಿಗೆಯ ಚರ್ಮದಂಥ ಬೇಗ ಹೊಸದಾಗುವ ಅಂಗಾಂಶಗಳಿಗೇ ಏಕೆ ತಟ್ಟುತ್ತದೆ ಎಂಬುದು ತಿಳಿಯುತ್ತದೆ.

ಥೈಮಿನ್ ಅಕ್ಷರ ತಯಾರಾಗುವುದು ಯುರಾಸಿಲ್ ಅಕ್ಷರದಿಂದ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು, ಅಂದರೆ ಒಂದು ಇಂಗಾಲ ಮತ್ತು ಮೂರು ಜಲಜನಕ ಪರಮಾಣುಗಳು. ಆ ಗುಂಪನ್ನು ಹೊತ್ತು ತಂದು ಕೊಡುವುದು ಫೋಲೇಟ್. ಒಂದೊಂದು ಥೈಮಿನ್‌ಗೂ ಒಂದೊಂದು ಫೋಲೇಟ್ ಅಣು ತನ್ನ ಹೊರೆ ಇಳಿಸಿ, ಮತ್ತೆ ಸಜ್ಜಾಗಿ ಬರಬೇಕು. ಫೋಲೇಟ್ ರಕ್ತದಲ್ಲಿ ಹರಿದು ಕೋಶದೊಳಗೆ ಬರುವುದು ಮೀಥೈಲ್ ಫೋಲೇಟ್ ರೂಪದಲ್ಲಿ, ಆದರೆ ಆ ರೂಪದಲ್ಲಿ ಅದು ಥೈಮಿನ್ ತಯಾರಿಕೆಗೆ ಉಪಯೋಗವಿಲ್ಲ. ಅದರ ಮೀಥೈಲ್ ಗುಂಪನ್ನು ಕಳಚಿ ಹೋಮೋಸಿಸ್ಟೀನ್‌ಗೆ ದಾಟಿಸಿ ಮೆಥಿಯೊನೀನ್ ಮಾಡುವ ಕಿಣ್ವವೊಂದಿದೆ. ಆ ಕಿಣ್ವ ಕೆಲಸ ಮಾಡಲು ಬಿ12 ಬೇಕೇಬೇಕು. ಬಿ12 ಇಲ್ಲವಾದರೆ ಫೋಲೇಟ್ ಎಷ್ಟೇ ಇದ್ದರೂ ಮೀಥೈಲ್ ರೂಪದಲ್ಲಿಯೇ ಸಿಕ್ಕಿಬೀಳುತ್ತದೆ. ರೋಗಿಯ ರಕ್ತದಲ್ಲಿ ಫೋಲೇಟ್ ಸರಿಯಾಗಿದ್ದೂ ಹೋಮೋಸಿಸ್ಟೀನ್ ಏರಿದ್ದಕ್ಕೆ, ಮೆಂತ್ಯದ ತಪ್ಪಲು ದಿನವೂ ತಿಂದರೂ ಮಜ್ಜೆ ಥೈಮಿನ್‌ಗೆ ಬಾಯಿಬಿಟ್ಟದ್ದಕ್ಕೆ ಇದೇ ಕಾರಣ.

ಥೈಮಿನ್ ಕಡಿಮೆಯಾದಾಗ ಕವಲಿನಲ್ಲಿ ಎರಡು ಅನಾಹುತಗಳು ಕೂಡಿ ನಡೆಯುತ್ತವೆ. ಮೊದಲನೆಯದಾಗಿ, ಹೆಲಿಕೇಸ್ ಎಳೆಗಳನ್ನು ಬಿಡಿಸುತ್ತ ಮುಂದೆ ಹೋಗುತ್ತದೆ, ಪಾಲಿಮರೇಸ್ ಅಕ್ಷರಕ್ಕಾಗಿ ಕಾಯುತ್ತ ಹಿಂದೆ ಉಳಿಯುತ್ತದೆ, ನಡುವೆ ಒಂಟಿ ಎಳೆ ಬಯಲಾಗುತ್ತದೆ. ಎಟಿಆರ್ ಎಂಬ ಕಾವಲು ಪ್ರೋಟೀನ್ ಇದನ್ನು ಗುರುತಿಸಿ, ಇನ್ನೂ ಶುರುವಾಗದ ಕಡೆಗಳಲ್ಲಿ ನಕಲನ್ನು ತಡೆದು, ಕೋಶವು ವಿಭಜನೆಗೆ ಇಳಿಯದಂತೆ ಹಿಡಿದಿಡುತ್ತದೆ. ಎರಡನೆಯದು ಇದಕ್ಕಿಂತ ಕ್ರೂರವಾದದ್ದು. ಥೈಮಿನ್ ಆಗಬೇಕಿದ್ದ ಯುರಾಸಿಲ್ ಅಕ್ಷರ ರಾಶಿಯಾಗುತ್ತದೆ. ಅಡೆನಿನ್ ಎದುರು ಯುರಾಸಿಲ್ ಕೂಡ ಥೈಮಿನ್‌ನಷ್ಟೇ ಸರಿಯಾಗಿ ಕೂರುವುದರಿಂದ ಪಾಲಿಮರೇಸ್‌ಗೆ ತಪ್ಪು ಗೊತ್ತಾಗುವುದಿಲ್ಲ, ಅದನ್ನೇ ಎಳೆಯೊಳಗೆ ಹಾಕಿಬಿಡುತ್ತದೆ. ಹಿಂದೆ ಬರುವ ದುರಸ್ತಿ ಕಿಣ್ವ ಯುರಾಸಿಲ್ ಅನ್ನು ಕಂಡ ಕೂಡಲೇ ಕಿತ್ತೆಸೆಯುತ್ತದೆ, ಎಳೆಯಲ್ಲಿ ಬಿರುಕು ಬೀಳುತ್ತದೆ, ಅದನ್ನು ಮುಚ್ಚಲು ಥೈಮಿನ್ ಬೇಕು, ಥೈಮಿನ್ ಇಲ್ಲ, ಮತ್ತೆ ಯುರಾಸಿಲ್ಲೇ ಕೂರುತ್ತದೆ. ಎದುರುಬದುರು ಎಳೆಗಳಲ್ಲಿ ಹತ್ತಿರ ಹತ್ತಿರ ಬಿರುಕುಗಳು ಬಿದ್ದರೆ ವರ್ಣತಂತು ಎರಡು ತುಂಡಾಗುತ್ತದೆ. ಇಂಥ ಕೋಶ ಮಜ್ಜೆಯಲ್ಲಿಯೇ ಸಾಯುತ್ತದೆ. ಎಲ್‌ಡಿಎಚ್ ಏರಿದ್ದು ಇದರಿಂದ, ತುಂಬಿಕೊಂಡ ಹಿಮೋಗ್ಲೋಬಿನ್ ವ್ಯರ್ಥವಾಗಿ ಒಡೆದು ಮೈಗೆ ಹಳದಿ ಛಾಯೆ ಬಂದದ್ದೂ ಇದರಿಂದ.

ಆರ್‌ಎನ್‌ಎಗೆ ಥೈಮಿನ್ ಬೇಕಿಲ್ಲ, ಅದು ಯುರಾಸಿಲ್ಲನ್ನೇ ಬಳಸುತ್ತದೆ. ಹಾಗಾಗಿ ಪ್ರೋಟೀನ್ ತಯಾರಿಕೆ, ಹಿಮೋಗ್ಲೋಬಿನ್ ತುಂಬುವಿಕೆ, ಕೋಶದ ಬೆಳವಣಿಗೆ ಯಾವುದೂ ನಿಲ್ಲುವುದಿಲ್ಲ. ಬೆಳೆಯುತ್ತಲೇ ಇದ್ದು ವಿಭಜನೆಯಾಗದ ಕೋಶ ದೊಡ್ಡದಾಗದೆ ಬೇರೆ ದಾರಿಯಿಲ್ಲ. 120 ಎಂಬ ಆ ಗಾತ್ರದ ಹಿಂದೆ ಇರುವುದು ತಪ್ಪಿಹೋದ ವಿಭಜನೆಗಳು.

ಫೋಲಿಕ್ ಆಮ್ಲ ಏನು ಮಾಡಿತು

ಮಾತ್ರೆಯಲ್ಲಿ ಬರುವ ಫೋಲಿಕ್ ಆಮ್ಲವು ಮೀಥೈಲ್ ರೂಪದ್ದಲ್ಲ. ಅದು ಬೇರೊಂದು ಕಿಣ್ವದ ಮೂಲಕ, ಬಿ12ನ ಹಂಗಿಲ್ಲದೆ, ನೇರವಾಗಿ ಉಪಯೋಗಕ್ಕೆ ಬರುವ ಫೋಲೇಟ್ ಆಗಬಲ್ಲದು. ದಿನಕ್ಕೆ 5 ಮಿಲಿಗ್ರಾಂ ಎಂದರೆ ದೇಹದ ಸಾಮಾನ್ಯ ಅಗತ್ಯದ ಹತ್ತು ಪಟ್ಟಿಗೂ ಮೇಲು. ಅಷ್ಟು ಬಂದಾಗ ಹಿಂಬಾಗಿಲಿನಿಂದಲೇ ಥೈಮಿನ್ ತಯಾರಿಕೆ ನಡೆದು, ನಿಂತ ಕವಲುಗಳು ಮುಂದೆ ಸಾಗಿ, ಹಿಮೋಗ್ಲೋಬಿನ್ 6.8ರಿಂದ 9.4ಕ್ಕೆ ಏರಿತು. 1960ರ ದಶಕದಲ್ಲಿ ಮಜ್ಜೆಯ ಕೋಶಗಳನ್ನು ನಳಿಕೆಯಲ್ಲಿಟ್ಟು ನಡೆಸಿದ ಪರೀಕ್ಷೆಗಳು ಇದನ್ನೇ ತೋರಿಸಿದವು. ಆರೋಗ್ಯವಂತ ಮಜ್ಜೆಗೆ ಯುರಾಸಿಲ್ ಅಕ್ಷರದ ಕಚ್ಚಾವಸ್ತು ಕೊಟ್ಟರೆ ಅದು ತನ್ನ ಥೈಮಿನ್ ತಾನೇ ಮಾಡಿಕೊಂಡು, ಹೊರಗಿನಿಂದ ಕೊಟ್ಟ ವಿಕಿರಣಶೀಲ ಥೈಮಿಡಿನ್ (ಥೈಮಿನ್‌ನ ಸಿದ್ಧರೂಪ) ಅನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಿ12 ಕೊರತೆಯ ಮಜ್ಜೆ ಹೊರಗಿನದನ್ನೇ ಬಾಚಿಕೊಳ್ಳುತ್ತದೆ. ನಳಿಕೆಗೆ ಬಿ12 ಹಾಕಿದರೂ ಈ ದೋಷ ಸರಿಹೋಗುತ್ತದೆ, ಫೋಲಿಕ್ ಆಮ್ಲ ಹಾಕಿದರೂ ಸರಿಹೋಗುತ್ತದೆ, ಮೀಥೈಲ್ ಫೋಲೇಟ್ ಹಾಕಿದರೆ ಮಾತ್ರ ಸರಿಹೋಗುವುದಿಲ್ಲ.

ಆದರೆ ಬಿ12ಗೆ ನಕಲಿನ ಹೊರಗೂ ಕೆಲಸವಿದೆ. ಬಲಿತ ನರಕೋಶಗಳು ವಿಭಜನೆಯಾಗುವುದಿಲ್ಲ, ಥೈಮಿನ್ ಕೊರತೆ ಅವುಗಳಿಗೆ ಮಜ್ಜೆಗೆ ತಟ್ಟಿದಂತೆ ತಟ್ಟುವುದಿಲ್ಲ. ನರತಂತುಗಳ ಸುತ್ತಲಿನ ಮಯಲಿನ್ ಹೊದಿಕೆ ಕೆಡದೆ ಉಳಿಯಲು ಬಿ12 ಬೇಕು, ಆ ಕೆಲಸಕ್ಕೆ ಫೋಲಿಕ್ ಆಮ್ಲ ಬದಲಿಯಾಗಲಾರದು. ಹೀಗೆ ಮಾತ್ರೆಯು ಈ ಮಹಿಳೆಯ ಮಜ್ಜೆಗೆ ಅಕ್ಷರ ಒದಗಿಸಿತು, ಬೆನ್ನುಹುರಿಗೆ ಏನನ್ನೂ ಒದಗಿಸಲಿಲ್ಲ. ರಕ್ತ ಸುಧಾರಿಸಿದ್ದರಿಂದ ಹುಡುಕಾಟವೂ ನಿಂತುಹೋಯಿತು ಎಂಬುದು ಇಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಇದು ಹೊಸ ಅನುಭವವಲ್ಲ. 1928ರಿಂದ ಮುಂಬೈಯಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಜವಳಿ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಂಡ ದೊಡ್ಡ ಕಣಗಳ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟ್ ಸಾರದಿಂದ ಅದು ಗುಣವಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಆಗ ನಮ್ಮ ಬಾಗಲಕೋಟೆ ವಿಜಾಪುರ ಜಿಲ್ಲೆಯ ಭಾಗವಾಗಿ ಅದೇ ಮುಂಬೈ ಪ್ರಾಂತದಲ್ಲಿತ್ತು. ಆ ಸಾರದಲ್ಲಿದ್ದದ್ದು ಫೋಲೇಟ್. 1945ರ ಹೊತ್ತಿಗೆ ಭೀಮಾವರಂ ಮೂಲದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡ ಅಮೆರಿಕದಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಬಿ12 ಇನ್ನೂ ಪ್ರತ್ಯೇಕವಾಗಿರದ ಆ ದಿನಗಳಲ್ಲಿ, ಇಂದು ನಾವು ಬಿ12 ಕೊರತೆ ಎಂದು ತಿಳಿದಿರುವ ರೋಗಿಗಳಿಗೆ ಫೋಲಿಕ್ ಆಮ್ಲ ಕೊಟ್ಟಾಗ ರಕ್ತ ಏರಿತು, ಕೆಲವು ತಿಂಗಳಲ್ಲಿ ಹಲವರ ನರಗಳು ಕೆಟ್ಟವು. 1948ರಲ್ಲಿ ಬಿ12 ಕೈಗೆ ಬಂದ ಮೇಲೆ ಆ ಪ್ರಯೋಗ ನಿಂತಿತು. ಅದೇ ವರ್ಷ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅವರು ಸುಬ್ಬರಾವ್ ತಂಡದ ಇನ್ನೊಂದು ವಸ್ತುವಾದ ಅಮಿನೊಪ್ಟೆರಿನ್‌ನಿಂದ ಮಕ್ಕಳ ರಕ್ತ ಕ್ಯಾನ್ಸರನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದರು. ಅದರ ಕೆಲಸ ಫೋಲೇಟ್ ಚಕ್ರವನ್ನು ಬೇಕೆಂದೇ ತಡೆದು ಕ್ಯಾನ್ಸರ್ ಕೋಶಗಳ ನಕಲನ್ನು ನಿಲ್ಲಿಸುವುದು.

ಚಿಕಿತ್ಸೆ ಮತ್ತು ಮುಂದಿನ ತಿಂಗಳುಗಳು

ಮನೆಯವರು ರಕ್ತ ಏರಿಸಬೇಕೆಂದು ಒತ್ತಾಯಿಸಿದರು. ಎದೆಬಡಿತ, ಉಸಿರಾಟ, ರಕ್ತದೊತ್ತಡ ಸ್ಥಿರವಾಗಿದ್ದವು, ಹೃದಯಕ್ಕೆ ಹೊರೆಯಾಗಿರುವ ಲಕ್ಷಣವಿರಲಿಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ರಕ್ತ ಇಳಿದವರ ದೇಹ ಅದಕ್ಕೆ ಒಗ್ಗಿರುತ್ತದೆ. ಅಂಥವರಿಗೆ ಅವಸರದಿಂದ ರಕ್ತ ಕೊಟ್ಟರೆ ಹೃದಯ ಸೋಲುವ ಅಪಾಯವಿದೆ. ಆದ್ದರಿಂದ ರಕ್ತ ಕೊಡದೆ ಕಾಯುವುದೆಂದು ನಿರ್ಧರಿಸಿ, 1,000 ಮೈಕ್ರೊಗ್ರಾಂ ಬಿ12 ಚುಚ್ಚುಮದ್ದನ್ನು ಮೊದಲ ವಾರ ದಿನವೂ, ಮುಂದಿನ ಮೂರು ವಾರ ದಿನ ಬಿಟ್ಟು ದಿನವೂ, ಆಮೇಲೆ ತಿಂಗಳಿಗೊಂದರಂತೆಯೂ ಕೊಡಲಾಯಿತು. ನಕಲು ಒಮ್ಮೆಲೇ ಮರಳಿ ಶುರುವಾದಾಗ ಹೊಸ ಕೋಶಗಳು ರಕ್ತದಿಂದ ಪೊಟ್ಯಾಸಿಯಮ್ ಎಳೆದುಕೊಳ್ಳುವುದರಿಂದ ಮೊದಲ ದಿನಗಳಲ್ಲಿ ಅದರ ಮಟ್ಟವನ್ನು ಮತ್ತೆ ಮತ್ತೆ ನೋಡಲಾಯಿತು.

ಮಜ್ಜೆ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ಬಿ12 ಸಿಕ್ಕ ಎರಡು ದಿನಗಳೊಳಗೆ ಮೆಗಲೋಬ್ಲಾಸ್ಟ್‌ಗಳ ಜಾಗದಲ್ಲಿ ಸಾಮಾನ್ಯ ಕೋಶಗಳು ಕಾಣಿಸಿಕೊಳ್ಳುತ್ತವೆ ಎಂಬುದು ಹಿಂದಿನಿಂದಲೂ ತಿಳಿದದ್ದೇ. ಈ ರೋಗಿಯಲ್ಲಿ ಮೂರನೆಯ ದಿನಕ್ಕೆ ರೆಟಿಕ್ಯುಲೋಸೈಟ್‌ಗಳು ಏರತೊಡಗಿ ಏಳನೆಯ ದಿನಕ್ಕೆ ಶೇ. 22ಕ್ಕೆ ಮುಟ್ಟಿದವು. ಹಸಿವು ಮರಳಿತು. ಎರಡು ವಾರಕ್ಕೆ ಕಿರುತಟ್ಟೆಗಳು ಸರಿಹೋದವು, ಹೆಚ್ಚು ಹಾಲೆಗಳ ನ್ಯೂಟ್ರೋಫಿಲ್‌ಗಳೂ ಮರೆಯಾದವು. ಹಿಮೋಗ್ಲೋಬಿನ್ ನಾಲ್ಕು ವಾರಕ್ಕೆ 9.3, ಎಂಟು ವಾರಕ್ಕೆ 11.9. ವೇಗವಾಗಿ ಕಣ ತಯಾರಾದಾಗ ಕಬ್ಬಿಣ ಬರಿದಾಗುವುದು ಸಾಮಾನ್ಯ. ನಾಲ್ಕನೆಯ ವಾರ, ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಇಳಿದಿದ್ದರಿಂದ ಕಬ್ಬಿಣದ ಮಾತ್ರೆಯನ್ನೂ ಸೇರಿಸಲಾಯಿತು.

ನರಗಳ ಚೇತರಿಕೆಗೆ ಈ ಚುರುಕಿಲ್ಲ. ಮೂರು ತಿಂಗಳಿಗೆ ಜುಮುಜುಮು ತಗ್ಗಿತು, ಕತ್ತಲಲ್ಲಿ ಗೋಡೆ ಹಿಡಿಯದೆ ನಡೆಯುವಂತಾದರು. ಆರು ತಿಂಗಳಿಗೆ ಶ್ರುತಿಕವಲಿನ ಕಂಪನ ಹಿಮ್ಮಡಿಯ ಗೆಣ್ಣಿನಲ್ಲಿ ತಿಳಿಯತೊಡಗಿತು, ಕಾಲ್ಬೆರಳಿನಲ್ಲಿ ಇನ್ನೂ ತಿಳಿಯುವುದಿಲ್ಲ. ಅವರು ಮಗ್ಗಕ್ಕೆ ಮರಳಿದ್ದಾರೆ, ಆದರೆ ಒಂದು ಸೀರೆಗೆ ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ಲಕ್ಷಣಗಳು ಶುರುವಾಗಿ ಬಹಳ ಕಾಲ ಕಳೆದ ಮೇಲೆ ಚಿಕಿತ್ಸೆ ಸಿಕ್ಕಾಗ ನರದ ಹಾನಿ ಪೂರ್ತಿ ಮಾಯುವುದಿಲ್ಲ. ಉಳಿದ ಹಾನಿಯಲ್ಲಿ ಎಷ್ಟು ಪಾಲು ಆ ಮೂರು ತಿಂಗಳ ಮಾತ್ರೆಗಳ ಕಾಲದ್ದು ಎಂದು ಬಿಡಿಸಿ ಹೇಳುವ ವಿಧಾನವಿಲ್ಲ.

ಒಂದೇ ಒಲೆಯ ಊಟ ಉಣ್ಣುವವರನ್ನೂ ಪರೀಕ್ಷಿಸುವುದು ಸೂಕ್ತವೆಂದು ಮನೆಯವರಿಗೆ ತಿಳಿಸಲಾಯಿತು. ಹೊಸದಾಗಿ ಮದುವೆಯಾದ 22 ವರ್ಷದ ಮಗಳ ಬಿ12 ಮಟ್ಟ 140 ಇತ್ತು. ಹಿಮೋಗ್ಲೋಬಿನ್ 11.8, ಕಣಗಳ ಗಾತ್ರ 98. ಯಂತ್ರದ ವರದಿ ಗಾತ್ರವನ್ನು ಸಾಮಾನ್ಯವೆಂದೇ ತೋರಿಸಿತ್ತು, ಆದರೆ ರಕ್ತಲೇಪದಲ್ಲಿ ಐದು ಹಾಲೆಗಳ ನ್ಯೂಟ್ರೋಫಿಲ್‌ಗಳು ಇರಬೇಕಾದದ್ದಕ್ಕಿಂತ ಹೆಚ್ಚಿದ್ದವು. ಆಕೆ ಮಗುವಿನ ಯೋಚನೆಯಲ್ಲಿದ್ದಳು. ಗರ್ಭದ ಮೊದಲ ವಾರಗಳಲ್ಲಿ ಮಗುವಿನ ನರಕೊಳವೆ ಸರಿಯಾಗಿ ಮುಚ್ಚಿಕೊಳ್ಳಲು ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಬೇಕು, ಅದನ್ನು ಗರ್ಭ ಧರಿಸುವ ಮೊದಲೇ ಶುರುಮಾಡಬೇಕು. ಅಮ್ಮನಿಗೆ ಆದದ್ದನ್ನು ಕೇಳಿ ಹೆದರಿ ಅದನ್ನು ಬಿಡುವಂತಿಲ್ಲ. ಆಕೆಗೆ ಬಿ12 ಚುಚ್ಚುಮದ್ದು ಶುರುಮಾಡಿ, ಅದರ ಜೊತೆಗೇ ಆ ಪ್ರಮಾಣದ ಫೋಲಿಕ್ ಆಮ್ಲ ಕೊಟ್ಟು, ದಿನಕ್ಕೆ ಅರ್ಧ ಲೀಟರ್ ಹಾಲು ಅಥವಾ ಅಷ್ಟೇ ಮೊಸರು ಸೇವಿಸಲು ಹೇಳಲಾಯಿತು. ಅಷ್ಟು ಹಾಲಿನಲ್ಲಿ ಸುಮಾರು 2 ಮೈಕ್ರೊಗ್ರಾಂ ಬಿ12 ಇರುತ್ತದೆ. ಮೂರು ತಿಂಗಳ ನಂತರ ಆಕೆಯ ಬಿ12 ಮಟ್ಟ 410ಕ್ಕೆ ಏರಿತ್ತು, ಕಣಗಳ ಗಾತ್ರ 89ಕ್ಕೆ ಇಳಿದಿತ್ತು.